ಅವ್ವ ಹುಡುಕುವ ಮಾತು

“ಬಾಗಿಲಾ… ಬಾಗಿಲಾ ಕೊಡು,” ಅಂದಳು ಅವ್ವ.

ಸುರೇಖಾ ಹೋಗಿ ಬಾಗಿಲು ಮುಚ್ಚಿದಳು. ಅವ್ವ ತಲೆ ಅಲ್ಲಾಡಿಸಿದಳು. ಸುರೇಖಾ ಮತ್ತೆ ತೆರೆದಳು. ಅವ್ವ ನೀರಿನ ಕೊಡದ ಕಡೆ ಕೈ ಮಾಡಿದಳು.

“ನೀರು ಬೇಕೇನಬೇ?”

“ಹ್ಞೂಂ,” ಅಂದು ಅವ್ವ ನಕ್ಕಳು. ಸುರೇಖಾಳಿಗೂ ನಗು ಬಂತು.

ಅವ್ವ ಪದ್ಮಾವತಿ ಬಸ್ ಕಂಡಕ್ಟರ್. ಸಿಂಧನೂರಿನಿಂದ ಮುದಗಲ್‌ಗೆ ಹೋಗುವ ಬಸ್ಸಿನಲ್ಲಿ ಡ್ಯೂಟಿ. ಬೇಸಿಗೆಯಲ್ಲಿ ಸ್ಕೂಟಿಯಿಂದ ಬಿದ್ದು ತಲೆಗೆ ದೊಡ್ಡ ಪೆಟ್ಟಾಗಿತ್ತು. ಆಪರೇಶನ್ ಆಯಿತು. ಕೂರುವುದು, ನಿಲ್ಲುವುದು, ನಡೆಯುವುದು ಎಲ್ಲವನ್ನೂ ಆಸ್ಪತ್ರೆಯಲ್ಲಿ ಹೊಸದಾಗಿ ಕಲಿತು, ದಸರಾ ರಜೆಯಲ್ಲಿ ಮನೆಗೆ ಬಂದಿದ್ದಳು. ಮಾತು ಮಾತ್ರ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ.

“ನಿಮ್ಮವ್ವಗ ಎಲ್ಲಾ ತಿಳಿತೈತಿ. ಮಾತು ಬಾಯಿಗೆ ಸಿಗಲ್ಲ ಅಷ್ಟ,” ಎಂದಿದ್ದ ಅಪ್ಪ.

“ಹಂಗಾರ ಎಲ್ಲಿ ಹೋಗ್ಯಾವಪ್ಪಾ ಮಾತು?”

“ಎಲ್ಲೂ ಹೋಗಿಲ್ಲವ್ವಾ. ಒಳಗ ಅದಾವ.”

ನನ್ನ ಹೆಸರೂ ಒಳಗೆ ಐತೇನು? ಇದನ್ನು ಮಾತ್ರ ಸುರೇಖಾ ಕೇಳಲಿಲ್ಲ. ಮನೆಗೆ ಬಂದಾಗಿನಿಂದ ಅವ್ವ ಅವಳನ್ನು ಹೆಸರು ಹಿಡಿದು ಕರೆದೇ ಇರಲಿಲ್ಲ. ಬೇಕಾದಾಗ ಚಪ್ಪಾಳೆ ತಟ್ಟುತ್ತಿದ್ದಳು.

ಒಂದು ಸಂಜೆ ಅವ್ವ ಬಟ್ಟೆ ಮಡಚುತ್ತಿದ್ದಳು. ಸುರೇಖಾ ಸುಮ್ಮನೆ ಆಟಕ್ಕೆ ಕಂಡಕ್ಟರ್ ದನಿ ಮಾಡಿದಳು. “ಯಾರ್ರೀ ಮಸ್ಕಿ, ಲಿಂಗಸುಗೂರು…”

“ಮುದಗಲ್, ಮುದಗಲ್!” ಅಂದುಬಿಟ್ಟಳು ಅವ್ವ. ತನ್ನ ದನಿಗೆ ತಾನೇ ಬೆರಗಾಗಿ ಕೈಯಲ್ಲಿದ್ದ ಟವೆಲ್ ಹಾಗೇ ಹಿಡಿದು ಕುಳಿತಳು.

“ಅವ್ವಾ, ನಿನ್ನ ಬಸ್ ಯಾವೂರಿಗೆ ಹೋಗತಿತ್ತು?”

ಅವ್ವ ಬಾಯಿ ತೆರೆದಳು. ಏನೂ ಬರಲಿಲ್ಲ.

“ಸಿಂಧನೂರು…” ಅಂದಳು ಸುರೇಖಾ.

“ಮಸ್ಕಿ, ಲಿಂಗಸುಗೂರು, ಮುದಗಲ್.”

ಇದೇನಿದು? ಕೇಳಿದರೆ ಬರುವುದಿಲ್ಲ, ಶುರು ಮಾಡಿಕೊಟ್ಟರೆ ಸಾಲಾಗಿ ಬರುತ್ತವೆ. ಸುರೇಖಾ ಯೋಚಿಸಿದಳು. ಅವ್ವ ದಿನಾ ಸಾಲಾಗಿ ಹೇಳುತ್ತಿದ್ದದ್ದು ಇನ್ನೇನಿತ್ತು? ಊಟದ ಹೊತ್ತಿಗೆ ಅಣ್ಣ ಭೀಮೇಶನನ್ನೂ ಅವಳನ್ನೂ ಒಂದೇ ಉಸಿರಿನಲ್ಲಿ ಕರೆಯುತ್ತಿದ್ದಳು.

ಸುರೇಖಾ ಅವ್ವನ ಎದುರು ಬಂದು ಕುಳಿತಳು. ಮೆಲ್ಲಗೆ ಅಂದಳು, “ಭೀಮೇಶಾ…”

“ಸುರೇಖಾ,” ಅಂದಳು ಅವ್ವ. “ಉಣ್ಣಾಕ ಬರ್ರಿ.”

ಸುರೇಖಾ ಟವೆಲ್ ಸಮೇತ ಅವ್ವನನ್ನು ತಬ್ಬಿಕೊಂಡಳು.

ಮರುದಿನ ಬೆಳಿಗ್ಗೆ ಹೆಸರು ಮತ್ತೆ ಸಿಗಲಿಲ್ಲ. ಅವ್ವ ಚಪ್ಪಾಳೆಯನ್ನೇ ತಟ್ಟಿದಳು. ಸುರೇಖಾ “ಬಂದೆ,” ಎಂದು ಓಡಿದಳು.

ಭಾನುವಾರ ಪಕ್ಕದ ಮನೆಯ ಅಮರಮ್ಮ ಬಂದಳು. ಕಿವುಡರ ಹತ್ತಿರ ಮಾತಾಡುವ ಹಾಗೆ ಜೋರಾಗಿ, “ಪದ್ಮಾ, ಆರಾಮ ಅದೀಯಾ?” ಎಂದಳು. ಅವ್ವ ತಲೆ ಆಡಿಸಿ, ಅಡುಗೆಮನೆಯತ್ತ ನೋಡಿ, ಏನೋ ಹೇಳಲು ಹೊರಟಳು.

“ಚ… ಚ…”

“ಚಾದರ ಬೇಕಂತೇನ? ಚಪ್ಪಲಿ ಏನು? ಸುರೇಖಾ, ಏನಂತ ನೋಡಬೇ.”

ಸುರೇಖಾಳಿಗೆ ಗೊತ್ತಿತ್ತು. ಆ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ತುಟಿ ಬಿಗಿಹಿಡಿದಳು.

“ತಡೀರಿ ದೊಡ್ಡವ್ವಾ, ಅವ್ವ ಹೇಳಾಕತ್ತಾಳ.”

ಅಮರಮ್ಮ ಕುಳಿತುಕೊಂಡಳು. ಹೊರಗೆ ಒಂದು ಟ್ರ್ಯಾಕ್ಟರ್ ಹೋಯಿತು. ಅದರ ಸದ್ದು ರಸ್ತೆಯ ತುದಿಯಲ್ಲಿ ಕರಗಿತು. ಅವ್ವನ ತುಟಿ ಅಲ್ಲಾಡುತ್ತಲೇ ಇತ್ತು.

“ಚಾ,” ಅಂದಳು ಅವ್ವ. “ಚಾ… ಕುಡಿ.”

“ಕುಡಿತೀನವ್ವಾ,” ಅಂದಳು ಅಮರಮ್ಮ, ಈ ಸಲ ಅವ್ವನ ಮುಖವನ್ನೇ ನೋಡುತ್ತಾ, ಮೆಲ್ಲಗೆ. “ಸಕ್ಕರಿ ಒಂದೀಟು ಕಮ್ಮಿ ಹಾಕು.”

ಅವ್ವ ಗೋಡೆ ಹಿಡಿದು ಎದ್ದಳು. ಸುರೇಖಾ ಹಾಲಿನ ಪಾತ್ರೆ ತೆಗೆದುಕೊಂಡು ಅವಳ ಹಿಂದೆ ನಡೆದಳು, ನಿಧಾನವಾಗಿ.