ಅಪ್ಪ ಟೂರಿಸ್ಟ್ ಆದ ದಿನ

"ಅಪ್ಪಾ, ಬ್ರೇಕ್ ಒತ್ತಬೇಡ!"

ಬುಗುರಿ ಅಪ್ಪನ ಮೊಣಕಾಲಿಗೆ ಒಂದು ಏಟು ಕೊಟ್ಟಳು. ಅಪ್ಪ ಕೂತಿದ್ದದ್ದು ಬಸ್ಸಿನ ಎರಡನೇ ಸಾಲಿನಲ್ಲಿ. ಅಲ್ಲಿ ಬ್ರೇಕೂ ಇರಲಿಲ್ಲ, ಕ್ಲಚ್ಚೂ ಇರಲಿಲ್ಲ. ಆದರೂ ತಿರುವು ಬಂದಾಗಲೆಲ್ಲ ಅಪ್ಪನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು.

"ನಾನೆಲ್ಲಿ ಒತ್ತಿದೆ? ಕಾಲು ಜೋಮು ಹಿಡಿದಿತ್ತು ಕಣೇ."

"ಸುಳ್ಳು! ಇದು ಏಳನೇ ಸಲ!"

ಕಿಟಕಿಯ ಪಕ್ಕ ಕೂತಿದ್ದ ಅಮ್ಮ ನಕ್ಕಳು. "ಹನ್ನೊಂದು ವರ್ಷ ಇದೇ ರಸ್ತೇಲಿ ದುಡಿದ ಕಾಲು ಅದು. ಇವತ್ತು ರಜೆ ಅಂತ ಅದಕ್ಕೆ ಯಾರೂ ಹೇಳಿಲ್ಲ, ಪಾಪ."

ಅದೂ ನಿಜವೇ. ಎರಡು ವರ್ಷದ ಹಿಂದಿನವರೆಗೂ ಇದು ಅವರದೇ ಊರು. ಬುಗುರಿ ಹುಟ್ಟಿದ್ದು, ಬಿದ್ದದ್ದು, ಹಲ್ಲು ಮುರಿದುಕೊಂಡದ್ದು ಎಲ್ಲ ಇಲ್ಲೇ. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಹುಡುಗಿ ಎಂದು ಬುಗುರಿ ಎಂಬ ಹೆಸರು ಬಿದ್ದದ್ದೂ ಇಲ್ಲೇ. ಊರು ನೋಡಲು ಬಂದವರನ್ನು ಸುತ್ತಾಡಿಸುವ ಈ ಟೂರಿಸ್ಟ್ ಬಸ್ಸಿಗೆ ಆಗ ಅಪ್ಪನೇ ಡ್ರೈವರ್. ಮೊದಲು ಕೋಟೆ, ಆಮೇಲೆ ಮ್ಯೂಸಿಯಂ, ಕೊನೆಗೆ ಲೈಟ್‌ಹೌಸ್. ದಿನಾ ಇದೇ ದಾರಿ. ಆಮೇಲೆ ಅಪ್ಪನಿಗೆ ದೂರದ ದೊಡ್ಡ ಊರಿನಲ್ಲಿ ಸ್ಕೂಲ್ ಬಸ್ಸಿನ ಕೆಲಸ ಸಿಕ್ಕಿತು. ಗಂಟುಮೂಟೆ ಕಟ್ಟಿಕೊಂಡು ಎಲ್ಲರೂ ಹೊರಟರು.

ಹೊಸ ಶಾಲೆಯಲ್ಲಿ ಒಂದು ದಿನ 'ನನ್ನ ಊರು' ಎಂದು ಪ್ರಬಂಧ ಬರೆಸಿದರು. ಬುಗುರಿ ನಮ್ಮೂರಲ್ಲಿ ದೊಡ್ಡ ಕೋಟೆ ಇದೆ ಎಂದು ಜಂಬದಿಂದ ಬರೆದಳು.

"ಭೇಷ್! ಕೋಟೆ ಒಳಗೆ ಏನೇನಿದೆ, ಎಲ್ಲರಿಗೂ ಹೇಳು ನೋಡೋಣ," ಎಂದರು ಟೀಚರ್.

ಬುಗುರಿ ತಬ್ಬಿಬ್ಬಾದಳು. "ಅದು... ಒಳಗೆ... ಹೊರಗಡೆ ಟೀ ಅಂಗಡಿ ಇದೆ ಮಿಸ್."

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮನೆಗೆ ಬಂದು ಅಪ್ಪನನ್ನು ಕೇಳಿದರೆ ಅಪ್ಪ ತಲೆ ಕೆರೆದುಕೊಂಡ. "ಒಳಗಾ? ನನಗೇನು ಗೊತ್ತಮ್ಮ? ನಾನು ಬಸ್ ಬಿಟ್ಟು ಎಲ್ಲಿಗೂ ಹೋಗ್ತಿರ್ಲಿಲ್ಲ. ಪಾರ್ಕಿಂಗ್ ಬೇಕಾದ್ರೆ ಕೇಳು, ಹೇಳ್ತೀನಿ."

"ಚೆನ್ನಾಗಿದೆ! ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು," ಎಂದಳು ಅಮ್ಮ. ಹಾಗೆ ಹೇಳಿದ ಅಮ್ಮನೂ ಏನೂ ನೋಡಿರಲಿಲ್ಲ. ಊರಲ್ಲೇ ಇದೆಯಲ್ಲ, ನಾಳೆ ನೋಡಿದರಾಯಿತು ಎನ್ನುತ್ತಲೇ ಅಷ್ಟೂ ವರ್ಷ ಕಳೆದಿತ್ತು.

ಅವತ್ತಿನಿಂದ ಬುಗುರಿ ಪಟ್ಟು ಹಿಡಿದಳು. ರಜೆ ಬರುವವರೆಗೂ ಬಿಡಲಿಲ್ಲ. ಕೊನೆಗೆ ರೈಲು ಹತ್ತಿ ಬಂದರು. ಸ್ವಂತ ಊರಲ್ಲಿ ಲಾಡ್ಜಿನಲ್ಲಿ ಇಳಿದರು. ಬೆಳಿಗ್ಗೆ ಬುಗುರಿ ಅಪ್ಪನ ತಲೆಗೆ ಒಂದು ಹಳದಿ ಟೋಪಿ ಹಾಕಿ, ಕೈ ಚಾಚಿದಳು.

"ಇವತ್ತು ನೀನು ಡ್ರೈವರ್ ಅಲ್ಲ, ಟೂರಿಸ್ಟ್. ನಾನು ನೋಡಿದ್ದೆಲ್ಲ ನನ್ನ ಜೊತೇನೇ ನೋಡ್ಬೇಕು. ಪ್ರಾಮಿಸ್?"

"ಪ್ರಾಮಿಸ್," ಎಂದು ಅಪ್ಪ ಅಂಗೈಗೆ ಅಂಗೈ ತಟ್ಟಿದ್ದ.

ಬಸ್ಸು ಕೋಟೆಯ ಮುಂದೆ ನಿಂತಿತು. ಬುಗುರಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗೈಡು ಒಬ್ಬಳು ಚೂಟಿ ಹುಡುಗಿ. ಕೈಯಲ್ಲಿ ಸದಾ ಮೈಕ್ ಇದ್ದುದರಿಂದ ಬುಗುರಿ ಅವಳಿಗೆ ಮೈಕ್ ಅಕ್ಕ ಎಂದು ಹೆಸರಿಟ್ಟಿದ್ದಳು. "ಎಲ್ಲರೂ ನನ್ನ ಹಿಂದೆ ಬನ್ನಿ!" ಎಂದಳು ಮೈಕ್ ಅಕ್ಕ. ಬುಗುರಿ ಅವಳಿಗಿಂತ ಮುಂದೆ ಓಡಿದಳು.

ಒಳಗೆ ಏನಿತ್ತು ಅಂತೀರಿ! ಕಮಾನಿನ ಕೆಳಗೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಸಾಕು, ಎದುರಿನ ಗೋಡೆ ಮೂರು ಚಪ್ಪಾಳೆ ತಟ್ಟುತ್ತಿತ್ತು. ಬುಗುರಿ ತಟ್ಟಿದಳು. ಟಪ್, ಟಪ್, ಟಪ್! ಮೈ ಜುಮ್ಮೆಂದಿತು.

"ಅಪ್ಪಾ, ಕೇಳಿಸ್ತಾ? ನೀನೂ ತಟ್ಟು!" ಎಂದು ತಿರುಗಿ ನೋಡಿದರೆ ಅಪ್ಪ ಎಲ್ಲಿ? ಹಳದಿ ಟೋಪಿಯ ಸುಳಿವೇ ಇಲ್ಲ.

ಅರ್ಧ ಗಂಟೆ ಬಿಟ್ಟು ಹೊರಗೆ ಬಂದಾಗ ಅಪ್ಪ ಪಾರ್ಕಿಂಗಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಒಂದು ಕಡೆ ಟೀ ಅಂಗಡಿ ಆಂಟಿ, ಇನ್ನೊಂದು ಕಡೆ ಪಂಕ್ಚರ್ ತಾತ. ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಎರಡು ವರ್ಷ ಆಯ್ತಲ್ಲಮ್ಮ, ಕಂಡ ತಕ್ಷಣ ಕೂರಿಸ್ಕೊಂಡ್ಬಿಟ್ರು," ಎಂದ ಅಪ್ಪ ಕಳ್ಳನ ಹಾಗೆ ಮುಖ ಮಾಡಿ.

"ಮ್ಯೂಸಿಯಂಗೆ ಬರ್ತೀಯಾ ಇಲ್ವಾ?"

"ಬಂದೇ ಬರ್ತೀನಿ."

ಮ್ಯೂಸಿಯಮ್ಮಿನ ಮುಂದಿನ ಗಲ್ಲಿ ಇಕ್ಕಟ್ಟು. ಬಸ್ಸನ್ನು ಹಿಂದಕ್ಕೆ ತೆಗೆದು ನಿಲ್ಲಿಸಬೇಕು. ಈಗಿನ ಡ್ರೈವರ್ ಮಾಮ ಹುಷಾರಿನವನೇ, ಆದರೆ ಹಿಂದೆ ಯಾರೋ ಕಾರು ಅಡ್ಡ ನಿಲ್ಲಿಸಿದ್ದರು. ಎಲ್ಲರೂ ಇಳಿದು ಒಳಗೆ ಹೋಗುತ್ತಿದ್ದ ಹಾಗೇ ಬುಗುರಿಯ ಬೆನ್ನ ಹಿಂದೆ ಒಂದು ಪರಿಚಯದ ದನಿ ಕೇಳಿಸಿತು.

"ಬರ್ಲಿ... ಬರ್ಲಿ... ಎಡಕ್ಕೆ ಕಟ್ ಮಾಡು... ಬರ್ಲಿ... ಹೋಲ್ಡ್! ಹೋಲ್ಡ್ ಅಂದ್ನಲ್ಲಪ್ಪಾ!"

ಒಳಗೆ ಬಾಗಿಲಿನಷ್ಟು ಎತ್ತರದ ತಿಮಿಂಗಿಲದ ದವಡೆಯ ಮೂಳೆ ಇತ್ತು. ಬುಗುರಿ ಮತ್ತು ಅಮ್ಮ ಅದರ ಒಳಗಿನಿಂದ ನಡೆದು ಆಚೆ ಬಂದರು. "ಅಬ್ಬಬ್ಬಾ, ನಮ್ಮನ್ನ ನುಂಗಿ ಉಗುಳಿದ ಹಾಗಾಯ್ತು!" ಎಂದು ಅಮ್ಮ ಕಣ್ಣರಳಿಸಿದಳು. ಬುಗುರಿಗೂ ನಗು ಬಂತು, ಜೊತೆಗೇ ಸಿಟ್ಟೂ ಬಂತು. ಇದನ್ನೂ ಅಪ್ಪ ನೋಡಲಿಲ್ಲ.

ಬಸ್ಸಿಗೆ ವಾಪಸು ಬಂದಾಗ ಅಪ್ಪ ಕೈ ಒರೆಸಿಕೊಳ್ಳುತ್ತಿದ್ದ. "ಹಿಂದಿನ ಒಂದು ಟೈರಲ್ಲಿ ಗಾಳಿ ಕಮ್ಮಿ ಇತ್ತು. ನೋಡ್ಕೊಂಡು ಸುಮ್ನೆ ಹೇಗೆ ಬರ್ಲಿ?"

"ಲೈಟ್‌ಹೌಸಿಗೂ ಬರ್ಲಿಲ್ಲ ಅಂದ್ರೆ ನಿನ್ನ ಜೊತೆ ಟೂ!" ಎಂದಳು ಬುಗುರಿ.

"ಅಯ್ಯೋ, ಟೂ ಮಾತ್ರ ಬೇಡಮ್ಮ. ಬರ್ತೀನಿ."

ಬಸ್ಸು ಸಮುದ್ರದ ದಾರಿ ಹಿಡಿಯಿತು. ದೂರದಲ್ಲಿ ಲೈಟ್‌ಹೌಸ್ ಕಾಣಿಸಿದ್ದೇ ತಡ ಬಸ್ಸಿನ ಮಕ್ಕಳೆಲ್ಲ "ಹೋ!" ಎಂದು ಕಿರುಚಿದರು. ಬುಗುರಿಯ ದನಿಯೇ ಎಲ್ಲರಿಗಿಂತ ಮೇಲೆ. ಹುಟ್ಟಿದಾಗಿನಿಂದ ಅದನ್ನು ಕೆಳಗಿನಿಂದ ನೋಡುತ್ತಿದ್ದಳು. ಇವತ್ತು ಅದರ ತಲೆಯ ಮೇಲೆ ಹತ್ತಿ ನಿಲ್ಲುತ್ತಾಳೆ, ಅಪ್ಪನ ಕೈ ಹಿಡಿದು ನಿಲ್ಲುತ್ತಾಳೆ!

"ಕೊನೇ ಗುಂಪು ನಾಲ್ಕೂವರೆಗೆ ಹತ್ತುತ್ತೆ. ಆಮೇಲೆ ಬಾಗಿಲು ಹಾಕ್ತಾರೆ. ಬೇಗ ಬೇಗ!" ಎಂದಳು ಮೈಕ್ ಅಕ್ಕ. ಆಗ ಗಂಟೆ ನಾಲ್ಕೂ ಇಪ್ಪತ್ತು.

ಬುಗುರಿ ಅಪ್ಪನ ಕೈಯನ್ನು ಎರಡೂ ಕೈಯಿಂದ ಹಿಡಿದು ಎಳೆದುಕೊಂಡು ಹೊರಟಳು. ಅಪ್ಪ ಬಂದ! ಅಲ್ಲಿನ ಟೀ ಅಂಗಡಿ ದಾಟಿದ, ನಲ್ಲಿ ದಾಟಿದ, ಮರ ದಾಟಿದ. ಗೆದ್ದೆ ಎಂದುಕೊಂಡಳು ಬುಗುರಿ. ಆದರೆ ಲೈಟ್‌ಹೌಸಿನ ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗ ಅಪ್ಪ ನಿಂತುಬಿಟ್ಟ. ತಿರುಗಿ ಬಸ್ಸಿನ ಕಡೆ ನೋಡಿದ.

"ಬುಗುರಿ, ನೀನು ಅಮ್ಮನ ಜೊತೆ ಹತ್ತಮ್ಮ. ನಾನು ಬಸ್ ನೋಡ್ಕೋತೀನಿ. ಆ ಡ್ರೈವರ್ ಒಂದ್ಸಲ ಹೋಗಿ ಬರ್ಲಿ. ಪಾಪ, ಅವನೂ ಏನೂ ನೋಡಿಲ್ಲ."

"ಇಲ್ಲ! ನೀನು ಪ್ರಾಮಿಸ್ ಮಾಡಿದ್ದೆ!"

"ಹೌದಮ್ಮ, ಆದ್ರೆ..."

"ಬೆಳಿಗ್ಗೆಯಿಂದ ಒಂದೂ ನನ್ನ ಜೊತೆ ನೋಡ್ಲಿಲ್ಲ! ಹೋಗು! ಟೂ! ದೊಡ್ಡವಳಾದ್ಮೇಲೂ ಟೂ!"

ಬುಗುರಿಯ ಕಣ್ಣಲ್ಲಿ ದಳದಳ ನೀರು ಬಂತು. ಅಪ್ಪ ಅವಳ ತಲೆ ಸವರಿ ಬಸ್ಸಿನ ಕಡೆ ಹೋದ. ಬುಗುರಿ ಒಂದು ಕ್ಷಣ ನಿಂತಳು. ಅಪ್ಪ ಬರದಿದ್ದರೆ ಆ ಲೈಟ್‌ಹೌಸ್ ಹತ್ತಿ ಮಾಡುವುದೇನು? ದರದರ ಎಳೆದುಕೊಂಡೇ ಬರುತ್ತೇನೆ ಎಂದು ಹಿಂದೆಯೇ ಓಡಿದಳು.

ಬಸ್ಸಿನ ಮುಂದೆ ಡ್ರೈವರ್ ಮಾಮ ಬಟ್ಟೆ ಹಿಡಿದು ಗಾಜು ಒರೆಸುತ್ತಿದ್ದ. ಗಾಜು ಆಗಲೇ ಫಳಫಳ ಹೊಳೆಯುತ್ತಿತ್ತು. ಆದರೂ ಒರೆಸುತ್ತಿದ್ದ.

"ಹೋಗಿ ಬಾರಪ್ಪ, ನಾನಿರ್ತೀನಿ," ಎನ್ನುತ್ತಿದ್ದ ಅಪ್ಪ.

"ಬೇಡ ಅಣ್ಣ. ನಮಗ್ಯಾಕೆ ಅದೆಲ್ಲ? ನಾನು ಇಲ್ಲೇ ಆರಾಮಾಗಿದ್ದೀನಿ."

ಬುಗುರಿ ಗಕ್ಕನೆ ನಿಂತಳು. ಈ ಮಾತು ಅವಳಿಗೆ ಗೊತ್ತು. ಚಿಕ್ಕವಳಿದ್ದಾಗ "ಅಪ್ಪಾ, ನೀನು ಲೈಟ್‌ಹೌಸ್ ಹತ್ತಿದ್ದೀಯಾ?" ಎಂದು ಕೇಳಿದಾಗಲೆಲ್ಲ ಅಪ್ಪ ಇದನ್ನೇ ಹೇಳುತ್ತಿದ್ದ. ನಮಗ್ಯಾಕಮ್ಮ ಅದೆಲ್ಲ. ಆಗ ಅಪ್ಪನಿಗೆ ಅದೆಲ್ಲ ಇಷ್ಟವಿಲ್ಲ ಎಂದುಕೊಂಡಿದ್ದಳು. ಈಗ ನೋಡಿದರೆ, ಬೇಡ ಎನ್ನುತ್ತಿದ್ದ ಡ್ರೈವರ್ ಮಾಮನ ಕಣ್ಣು ಲೈಟ್‌ಹೌಸಿನ ತುದಿಯಲ್ಲಿತ್ತು.

ಹಾಗಾದರೆ ಅಪ್ಪನಿಗೂ ಆಸೆ ಇತ್ತೇ? ಹನ್ನೊಂದು ವರ್ಷವೂ?

ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. "ಇಬ್ರೂ ಬನ್ನಿ!" ಎಂದು ಕೂಗಿದಳು ಬುಗುರಿ.

"ಬಸ್ಸಿನ ಕಿಟಕಿ ಒಂದು ಮುಚ್ಚಲ್ಲ ಪುಟ್ಟಿ. ಒಳಗೆಲ್ಲ ಜನರ ಬ್ಯಾಗಿದೆ. ಬಿಟ್ಟು ಹೇಗೆ ಬರೋದು?" ಎಂದ ಡ್ರೈವರ್ ಮಾಮ.

ಅಷ್ಟರಲ್ಲಿ ಅಮ್ಮ ಏದುಸಿರು ಬಿಡುತ್ತಾ ಬಂದಳು. "ನಾನು ಸತ್ತಿದ್ದೀನಾ? ಆ ಮೆಟ್ಟಿಲು ನೋಡಿದ್ರೇನೇ ನನ್ನ ಮಂಡಿ ಅಳುತ್ತೆ. ಬಸ್ ನಾನು ಕಾಯ್ತೀನಿ. ನಡೀರಿ ನಡೀರಿ!"

ಹಾಗೆಂದವಳೇ ಬಸ್ಸು ಹತ್ತಿ, ಸೆರಗು ಬಿಗಿದು, ಡ್ರೈವರ್ ಸೀಟಿನಲ್ಲೇ ಕೂತುಬಿಟ್ಟಳು! ಸ್ಟೇರಿಂಗ್ ಮೇಲೆ ಎರಡೂ ಕೈ. "ಎಷ್ಟು ಎತ್ತರ ಇದೆ ಇದು! ಏನ್ರೀ, ಮಹಾರಾಜನ ಹಾಗೆ ಕೂರ್ತಿದ್ರಲ್ರೀ ನೀವು!"

"ಅತ್ತಿಗೆ, ಹಾರ್ನ್ ಒಂದು ಒತ್ತಬೇಡಿ," ಎಂದ ಡ್ರೈವರ್ ಮಾಮ ಗಾಬರಿಯಲ್ಲಿ.

ಅಮ್ಮ ತಕ್ಷಣ ಒತ್ತಿದಳು. ಪೋಂ! ಮೂವರೂ ಎದ್ದೆನೋ ಬಿದ್ದೆನೋ ಎಂದು ಓಡಿದರು.

ಬಾಗಿಲಲ್ಲಿದ್ದವನು ಬೀಗ ಕೈಗೆತ್ತಿಕೊಂಡಿದ್ದ. "ನಿಲ್ಲಿಸಿ, ನಮ್ಮವರು!" ಎಂದು ಮೈಕ್ ಅಕ್ಕ ಒಳಗಿನಿಂದ ಮೈಕಿನಲ್ಲೇ ಕೂಗಿದಳು.

ನೂರಾ ಎಂಬತ್ತು ಮೆಟ್ಟಿಲು, ಸುರುಳಿ ಸುರುಳಿ. ಬುಗುರಿ ಮುಂದೆ, ಡ್ರೈವರ್ ಮಾಮ ಮಧ್ಯೆ, ಅಪ್ಪ ಹಿಂದೆ.

"ಅಪ್ಪಾ, ಗೇರ್ ಚೇಂಜ್ ಮಾಡು!"

"ಆಗ್ತಿಲ್ಲಮ್ಮ, ಇಂಜಿನ್ ಬಿಸಿಯಾಗಿದೆ!"

"ನಿಲ್ಲಬೇಡ ಅಣ್ಣ, ಹಿಂದೆ ಟ್ರಾಫಿಕ್ ಜಾಮ್ ಆಗುತ್ತೆ!" ಹಿಂದೆ ಯಾರೂ ಇರಲಿಲ್ಲ. ಆದರೂ ಮೂವರೂ ನಕ್ಕು ನಕ್ಕು ಅಲ್ಲೇ ಗೋಡೆಗೆ ಒರಗಿದರು.

ಕೊನೆಯ ಮೆಟ್ಟಿಲು ದಾಟಿ ಹೊರಗೆ ಕಾಲಿಟ್ಟಾಗ ಗಾಳಿ ಬುಗುರಿಯ ಜಡೆಯನ್ನು ಎತ್ತಿ ಮುಖಕ್ಕೇ ಬಡಿಯಿತು. ಮುಂದೆ ಸಮುದ್ರ! ಎಲ್ಲಿ ನೋಡಿದರೂ ಸಮುದ್ರ! ಅದರ ಮೇಲೆ ಬಿಸಿಲು, ಚಿಕ್ಕ ಚಿಕ್ಕ ದೋಣಿಗಳು. ಟೂರಿಸ್ಟರೆಲ್ಲ ಆ ಕಡೆಯ ಕಂಬಿಗೆ ಮುತ್ತಿಕೊಂಡು ಫೋಟೋ ತೆಗೆಯುತ್ತಿದ್ದರು.

"ಅಪ್ಪಾ, ನೋಡು!" ಎಂದು ತಿರುಗಿದಳು.

ಅಪ್ಪ ಅಲ್ಲಿರಲಿಲ್ಲ. ಬುಗುರಿ ಸುತ್ತು ಹಾಕಿ ಓಡಿದಳು. ಲೈಟ್‌ಹೌಸಿನ ಹಿಂಬದಿಯಲ್ಲಿ ಅಪ್ಪ ಮತ್ತು ಡ್ರೈವರ್ ಮಾಮ ಇಬ್ಬರೂ ಸಮುದ್ರಕ್ಕೆ ಬೆನ್ನು ಹಾಕಿ, ಕಂಬಿ ಹಿಡಿದು, ಕೆಳಗೆ ಬಗ್ಗಿ ನೋಡುತ್ತಿದ್ದರು.

ಅವರು ನೋಡುತ್ತಿದ್ದದ್ದು ಪಾರ್ಕಿಂಗನ್ನು.

"ಅಲ್ನೋಡು ಅಣ್ಣ, ನಮ್ಮ ಬಸ್ಸು! ಬೆಂಕಿಪೊಟ್ಟಣದ ಹಾಗಿದೆ!"

"ಅಗೋ ಮರ! ಅಗೋ ನಲ್ಲಿ! ಲೋ, ಇಷ್ಟೇ ಇಷ್ಟಾ ಜಾಗ? ಹನ್ನೊಂದು ವರ್ಷ ನಾನು ಇಷ್ಟರಲ್ಲೇ ಇದ್ನಾ?"

ಅಪ್ಪ ನಗುತ್ತಿದ್ದ. ಹಳದಿ ಟೋಪಿ ಹಾರಿಹೋಗದಂತೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದ. ಕಣ್ಣು ಮಾತ್ರ ಒದ್ದೆಯಾಗಿತ್ತು. ಗಾಳಿಗೆ ಇರಬಹುದು, ಇಲ್ಲದೆಯೂ ಇರಬಹುದು.

'ಅಯ್ಯೋ ಅಪ್ಪಾ, ಸಮುದ್ರ ಬಿಟ್ಟು ಪಾರ್ಕಿಂಗ್ ನೋಡ್ತೀಯಲ್ಲ!' ಎಂದು ಬುಗುರಿಯ ಬಾಯಿಗೆ ಬಂದಿತ್ತು. ಬಂದ ಮಾತನ್ನು ನುಂಗಿಕೊಂಡಳು. ಇಬ್ಬರ ನಡುವೆ ನುಸುಳಿ, ತಾನೂ ಕಂಬಿ ಹಿಡಿದು ಕೆಳಗೆ ಬಗ್ಗಿದಳು.

"ನೀನು ಬಸ್ ಎಲ್ಲಿ ನಿಲ್ಲಿಸ್ತಿದ್ದೆ ಅಪ್ಪಾ? ತೋರಿಸು."

"ಆ ಮರ ಇದೆಯಲ್ಲ, ಅದರ ಎಡಕ್ಕೆ. ಮಧ್ಯಾಹ್ನ ಅಲ್ಲಿ ನೆರಳು ಬರುತ್ತೆ."

"ಆಮೇಲೆ?"

"ಆಮೇಲೆ ಡಬ್ಬಿ ಬಿಚ್ಚಿ ಊಟ ಮಾಡ್ತಿದ್ದೆ. ಅಲ್ಲಿ, ಕಲ್ಲಿನ ಮೇಲೆ. ಕಾಣಿಸ್ತಾ?"

ಬುಗುರಿ ಕಣ್ಣು ಕಿರಿದು ಮಾಡಿ ಹುಡುಕಿದಳು. ಕಲ್ಲು ಕಾಣಿಸಿತು. ಅಪ್ಪನ ಕೈಯೊಳಗೆ ತನ್ನ ಕೈ ಸೇರಿಸಿ, "ಕಾಣಿಸ್ತು. ಆಮೇಲೆ?" ಎಂದಳು.