ಹೆಬ್ಬೆರಳಿಗೆ ಸಿಗದ ಕಚ್ಚು

"ಇದು ನಮ್ಮ ರೇಡಿಯೋದ ನಾಬ್ ಅಲ್ಲ!"

ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಸಣ್ಣ ಮನೆಯ ಬಾಗಿಲಲ್ಲಿ ನಿಂತವನು ಸಲಾಂ ಕೂಡ ಹೇಳದೆ ಮುಷ್ಟಿ ಬಿಚ್ಚಿ ಅಂಗೈ ಚಾಚಿದ. ಅಂಗೈಯಲ್ಲಿ ಕಪ್ಪಗೆ ಮಿರುಗುವ ನಾಬ್ ಇತ್ತು.

ಖೈರುನಬಿ ಅವನ ಮುಖಕ್ಕಿಂತ ಮೊದಲು ನೋಡಿದ್ದು ನಾಬನ್ನು. ತನ್ನದೇ ಕೆಲಸ! ಹೋದ ವಾರ ಸಿರುಗುಪ್ಪಕ್ಕೆ ಪಾರ್ಸೆಲ್ ಮಾಡಿದ್ದು. ಹಾಗಾದರೆ ಇವನೇ ಇಲಿಯಾಸ್, ಅಕ್ಕಿ ಗಿರಣಿಯ ಮೆಕ್ಯಾನಿಕ್.

"ಯಾಕ್ರಿ, ಸಡ್ಲ ಆತೇನು?"

"ಇಲ್ಲ."

"ಬಿಗಿ ಆತೇನು?"

"ಇಲ್ಲ! ಸರಿಯಾಗೇ ಕುಂತೈತಿ. ಆದ್ರ ಇದು ನಮ್ದಲ್ಲ!"

ಸಿಟ್ಟಿನಲ್ಲೂ ಚೆಲುವಾಗಿದ್ದಾನೆ ಎಂದಿತು ಆಕೆಯ ಮನಸ್ಸು. ಖೈರುನಬಿ ಅದರ ಬಾಯಿ ಮುಚ್ಚಿಸಿದಳು.

"ಒಡೆದ ನಾಬ್ ಕಳ್ಸಿದವ್ರು ನೀವೇ. ಅದನ್ನ ಜೋಡಿಸಿ, ಅದರ ಮ್ಯಾಲೇ ಅಚ್ಚು ತಗದು ಎರಕ ಹೊಯ್ದೀನಿ. ಕಂಪನಿಯಿಂದ ಬಂದಾಗ ಹೆಂಗಿತ್ತೋ ಹಂಗೇ ಐತಿ, ನೋಡ್ರಿ!"

"ಅದೇ ತಪ್ಪಾಗಿದ್ದು! ಹಳೇದರಾಗ ಒಂದು ಕಚ್ಚು ಇತ್ತು. ನಮ್ಮ ಅಮ್ಮಗ ಕಣ್ಣು ಕಾಣಂಗಿಲ್ಲ. ನಾಬ್ ತುದೀತನಕ ತಿರುವಿ, ಅಲ್ಲಿಂದ ಎರಡು ಸುತ್ತು ವಾಪಸ್ ಬಂದು, ಆ ಕಚ್ಚು ಹೆಬ್ಬೆರಳಿಗೆ ಸಿಕ್ಕ ಕೂಡ್ಲೇ ಕೈ ಬಿಡ್ತಾಳ. ಧಾರವಾಡ ಸ್ಟೇಷನ್ ಹತ್ತತೈತಿ. ನಮ್ಮ ಅಪ್ಪ ಆಕಿಗಂತನ ಬ್ಲೇಡಿನಾಗ ಕೊರೆದಿದ್ದು ಅದು... ಈಗ ಅಪ್ಪನೂ ಇಲ್ಲ, ಕಚ್ಚೂ ಇಲ್ಲ. ಆಕಿ ರೇಡಿಯೋ ಮುಟ್ಟೋದೇ ಬಿಟ್ಟಾಳ."

ಖೈರುನಬಿಗೆ ನೆನಪಾಯಿತು. ಕಚ್ಚು! ಹೌದು, ಇತ್ತು. ಒಡಕು ಅಂದುಕೊಂಡು ತಾನೇ ಮೇಣದಂಥ ಲಪ್ಪ ತುಂಬಿ, ಉಜ್ಜಿ, ಪಾಲಿಶ್ ಮಾಡಿದ್ದಳು.

ತಪ್ಪಾಯಿತು ಅನ್ನಬೇಕಿತ್ತು. ಆದರೆ ಬಾಗಿಲಲ್ಲಿ ನಿಂತು ಕೂಗಾಡುವವನ ಮುಂದೆ ತಲೆ ತಗ್ಗಿಸುವುದು ಆಕೆಯ ರಕ್ತದಲ್ಲೇ ಇರಲಿಲ್ಲ.

"ಕಚ್ಚು ಹಂಗೇ ಬಿಡ್ರಿ ಅಂತ ಒಂದು ಮಾತು ಹೇಳಬೇಕಿತ್ತು."

"ನನಗೇ ಗೊತ್ತಿರಲಿಲ್ಲ. ಅಮ್ಮ ಅತ್ತಾಗ ಗೊತ್ತಾತು."

"ಒಂದೇ ಮನ್ಯಾಗ ಇದ್ದು, ಅಮ್ಮ ರೇಡಿಯೋ ಹೆಂಗ ಹಚ್ತಾಳ ಅಂತ ಮಗಗ ಗೊತ್ತಿಲ್ಲ! ಬಳ್ಳಾರ್ಯಾಗ ಕುಂತಾಕಿಗೆ ಗೊತ್ತಿರಬೇಕಾ?"

ಮಾತು ನೇರ ಎದೆಗೆ ನಾಟಿತು. ಅವನ ಕಿವಿಗಳು ಕೆಂಪಾದವು.

"ಎಷ್ಟು ಮಿರುಗಿದ್ರೇನು... ಡೂಪ್ಲಿಕೇಟ್ ಡೂಪ್ಲಿಕೇಟೇ!"

ನಾಬನ್ನು ಜೇಬಿಗಿಳಿಸಿ ದಡದಡ ಮೆಟ್ಟಿಲಿಳಿದು ಹೋದ.

ಡೂಪ್ಲಿಕೇಟ್!

ಆ ಮಾತನ್ನು ಆಕೆ ಕೇಳಿದ್ದು ಇದೇ ಮೊದಲಲ್ಲ. ಕುರುಗೋಡಿನಿಂದ ಮದುವೆಯ ರಿಶ್ತಾ ತಂದಿದ್ದವರೂ ಆಕೆಯ ಕಪ್ಪಾದ ಬೆರಳುಗಳನ್ನು ನೋಡಿ, "ಏನಮ್ಮ, ಡೂಪ್ಲಿಕೇಟ್ ಗುಂಡಿ ಮಾಡೋದೂ ಒಂದು ಕೆಲಸಾನಾ? ನಿಕಾ ಆದ ಮ್ಯಾಲ ಇದೆಲ್ಲ ಬಿಡಬೇಕು ನೋಡು" ಅಂದಿದ್ದರು. ಖೈರುನಬಿ ಚಹಾದ ತಟ್ಟೆಯನ್ನು ಅಲ್ಲೇ ಕೆಳಗಿಟ್ಟು, "ನಾನು ಬಿಡಂಗಿಲ್ಲ, ನೀವು ಹೊರಡ್ರಿ" ಅಂದುಬಿಟ್ಟಿದ್ದಳು. ಅವರ ಚಪ್ಪಲಿ ಸಪ್ಪಳ ಓಣಿ ದಾಟುವ ಮುಂಚೆಯೇ ಊರಿಗೆಲ್ಲ ಸುದ್ದಿ ಹಬ್ಬಿತ್ತು.

ಬಿಡುವುದಾದರೂ ಹೇಗೆ? ಅಬ್ಬಾ ಇಮಾಮಸಾಬ್ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಹಳೆಯ ರೇಡಿಯೋ, ಟೇಪ್ ರೆಕಾರ್ಡರ್‌ಗಳು ಇನ್ನೂ ಹಾಡುತ್ತವೆ, ಆದರೆ ನಾಬ್ ಒಡೆದರೆ ಹೊಸದು ಸಿಗುವುದಿಲ್ಲ. ಖೈರುನಬಿ ಅಡುಗೆಮನೆ ಹಿಂದಿನ ಮೂಲೆಯಲ್ಲಿ ರಬ್ಬರ್ ಅಚ್ಚು ಮಾಡಿ, ಕಪ್ಪು ರೆಸಿನ್ ದ್ರವ ಹೊಯ್ದು, ಮಾಳಿಗೆಯ ಮೇಲೆ ಬಳ್ಳಾರಿ ಬಿಸಿಲಿಗಿಟ್ಟು ಗಟ್ಟಿಮಾಡುತ್ತಿದ್ದಳು. ಅಚ್ಚು ಬಿಡಿಸಿದಾಗ ಹೊರಬರುವ ನಾಬ್ ನೋಡಿದರೆ ಸಾಕು, ಆಕೆಗೆ ಊಟ ಬೇಡ. ಆ ಮೂಲೆ ಹೋದರೆ ತಾನೂ ಹೋದಂತೆ ಎಂದು ಆಕೆಗೆ ಗೊತ್ತಿತ್ತು.

ಆದರೆ ಈಗ ಆ ತಾಯಿ...

ಜೋಡಿಸಿಟ್ಟಿದ್ದ ಹಳೆಯ ನಾಬ್ ತೆಗೆದು ಬೆಳಕಿಗೆ ಹಿಡಿದಳು. ಕಚ್ಚು ಎಲ್ಲಿತ್ತು? ಅಷ್ಟು ಚೆನ್ನಾಗಿ ಮುಚ್ಚಿದ್ದಳು ಮಹಾರಾಯ್ತಿ, ಈಗ ತನಗೇ ಕಾಣುತ್ತಿಲ್ಲ!

"ಅಬ್ಬಾ, ನಾನು ಸಿರುಗುಪ್ಪಕ್ಕ ಹೋಗಿಬರ್ತೀನಿ."

"ಬೈದು ಹೋದವ್ರ ಮನಿಗೇನು?"

"ಬೈದಿದ್ದು ಮಗ. ರೇಡಿಯೋ ಅಮ್ಮಂದು."

*

ಬಾಗಿಲು ತೆಗೆದದ್ದು ಇಲಿಯಾಸ್.

"ನೀವು...?"

"ನಿಮ್ಮ ಹತ್ರ ಬಂದಿಲ್ಲ. ದಾರಿ ಬಿಡ್ರಿ."

ಒಳಗೆ ಮಂಚದ ಮೇಲೆ ಅವನ ತಾಯಿ ಹುಸೇನಬಿ ಕುಳಿತಿದ್ದರು. ಪಕ್ಕದಲ್ಲಿ ಮರದ ದೊಡ್ಡ ರೇಡಿಯೋ, ಮೇಲೆ ಬಟ್ಟೆ ಹೊದಿಸಿತ್ತು.

"ಅಮ್ಮಾ, ನಾನು ಬಳ್ಳಾರಿ ಖೈರುನಬಿ. ನಿಮ್ಮ ಕಚ್ಚು ಮುಚ್ಚಿದಾಕಿ ನಾನೇ. ತಪ್ಪಾತು."

ಮಗನೆದುರು ಬಾರದಿದ್ದ ಮಾತು ತಾಯಿಯೆದುರು ಸಲೀಸಾಗಿ ಬಂತು. ಇಲಿಯಾಸ್ ಬಾಗಿಲ ಮರೆಯಿಂದ ಕೇಳಿಸಿಕೊಂಡ.

"ಅಯ್ಯ, ಅದಕ್ಯಾಕವ್ವ ಇಷ್ಟು ದೂರ ಬಂದಿ? ಚಹಾ ಕುಡೀತಿಯೇನು?"

"ಮೊದ್ಲು ಕೆಲಸ."

ಹಳೆಯ ನಾಬ್ ಹಾಕಿ, ಧಾರವಾಡ ಸಿಗುವವರೆಗೆ ತಾನೇ ಮೆಲ್ಲಗೆ ತಿರುಗಿಸಿದಳು. ಗೊರಗೊರ ಸದ್ದಿನ ನಡುವಿನಿಂದ ತಂಬೂರಿಯ ನಾದ ತೇಲಿಬಂತು.

"ಈಗ ಹಿಡೀರಿ ಅಮ್ಮಾ. ದಿನಾ ಹಿಡಿದಂಗ."

ಹುಸೇನಬಿಯ ಬೆರಳುಗಳು ನಾಬಿನ ಸುತ್ತ ಕುಳಿತವು. ಹೆಬ್ಬೆರಳು ಒಂದು ಕಡೆ ನಿಂತು ಅತ್ತಿತ್ತ ತಡಕಾಡಿತು. ಅಲ್ಲೇ! ಖೈರುನಬಿ ಸೂಜಿಯಿಂದ ಆ ಜಾಗಕ್ಕೆ ಗೀರೆಳೆದಳು.

"ಆಳ ಎಷ್ಟಿತ್ತಮ್ಮಾ?"

"ಅಕ್ಕಿಕಾಳು ಕುಂದ್ರುವಷ್ಟು." ಮುದುಕಿ ನಕ್ಕರು. "ಅವ್ರು ಅಕ್ಕಿಕಾಳು ಇಟ್ಟು ನೋಡಿದ್ರವ್ವ, ನನಗ ಕೈಗೆ ಸಿಗತೈತೋ ಇಲ್ಲೋ ಅಂತ..."

ಖೈರುನಬಿಯ ಕಣ್ಣು ತುಂಬಿಬಂತು. ಇಷ್ಟು ಪ್ರೀತಿಯನ್ನು ತಾನು ಒಡಕು ಅಂದುಕೊಂಡು ಮುಚ್ಚಿಬಿಟ್ಟಿದ್ದಳಲ್ಲ!

ಹೊರಡುವಾಗ ಇಲಿಯಾಸ್ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಬಂದ.

"ಆ ದಿನ ಅಂದ ಮಾತು..."

"ಯಾವ ಮಾತು?"

"ಡೂ... ಆ ಮಾತು. ಅನ್ನಬಾರದಿತ್ತು."

"ಅನ್ನಬಾರದಿತ್ತು," ಎಂದು ಆಕೆ ಬಸ್ ಹತ್ತಿದಳು. ತಿರುಗಿ ನೋಡಬಾರದು ಅಂದುಕೊಂಡಿದ್ದಳು... ನೋಡಿಯೇ ನೋಡಿದಳು!

ಕಚ್ಚು ಕೊರೆದ ಹೊಸ ನಾಬ್ ಸಿರುಗುಪ್ಪ ತಲುಪಿದ ದಿನ ಫೋನ್ ಬಂತು. ಆ ಕಡೆ ಯಾರೂ ಮಾತಾಡಲಿಲ್ಲ. ಧಾರವಾಡದ ಹಾಡು, ಹಿಂದೆ ಹುಸೇನಬಿಯ ನಗು, ಅಷ್ಟೇ. ಖೈರುನಬಿ ಫೋನನ್ನು ಕಿವಿಗೊತ್ತಿಕೊಂಡು ಹಾಡು ಮುಗಿಯುವವರೆಗೂ ನಿಂತಿದ್ದಳು.

ಆಮೇಲೆ ಇಲಿಯಾಸ್ ಬರುವುದು ಶುರುವಾಯಿತು. ಒಮ್ಮೆ ಗಿರಣಿಯ ಆಂಪ್ಲಿಫೈಯರ್ ನಾಬ್, ಒಮ್ಮೆ ಹೋಟೆಲಿನ ಟೇಪ್ ರೆಕಾರ್ಡರ್ ನಾಬ್. ಸಿರುಗುಪ್ಪದಲ್ಲಿ ಇಷ್ಟೊಂದು ನಾಬ್‌ಗಳು ಒಡೆಯುತ್ತವೆಯೇ!

"ಇದು ಹೆಂಗ ಒಡೀತು?" ಒಂದು ದಿನ ಕೇಳಿದಳು.

"ಹಳೇದಲ್ರಿ... ತಾನೇ ಒಡೀತು."

"ತಾನೇ ಒಡೆದಿದ್ರ ಬಿರುಕಿನಾಗ ಧೂಳು ಇರ್ತಿತ್ತು. ಇದು ನಿನ್ನೆ ಸುತ್ತಿಗಿ ತಿಂದೈತಿ."

ಇಲಿಯಾಸ್ ತಲೆ ಕೆರೆದುಕೊಂಡ. ಒಳಗೆ ಇಮಾಮಸಾಬರು ಸುಮ್ಮನೆ ಕೆಮ್ಮಿದರು. ಖೈರುನಬಿ ನಗು ತಡೆಯಲು ತುಟಿ ಕಚ್ಚಿಕೊಂಡಳು.

*

ಸಿರುಗುಪ್ಪದಿಂದ ರಿಶ್ತಾ ಬಂತು. ಫೋನ್ ಬಂದದ್ದು ಆಯೇಶಾ ಖಾಲಾಗೆ, ಖೈರುನಬಿಯ ತಾಯಿಯ ತಂಗಿಗೆ. ಖಾಲಾ ಸೆರಗು ಸಿಕ್ಕಿಸಿಕೊಂಡು ಓಡಿಬಂದರು.

"ಹುಡುಗ ಒಳ್ಳೇವ, ಮನಿ ಒಳ್ಳೇದು. ಒಂದೇ ಮಾತು... ನಿಕಾ ಆದ ಮ್ಯಾಲ ನೀ ಈ ಕೆಲಸ ಬಿಡಬೇಕಂತ."

ಖೈರುನಬಿಯ ಕೈಯಲ್ಲಿದ್ದ ಅಚ್ಚು ಜಾರಿ ಬಿತ್ತು.

"ಯಾರು ಅಂದ್ರು?"

"ಹುಡುಗನೇ ಫೋನಿನಾಗ ಅಂದ. ಎಲ್ಲಾರೂ ಅನ್ನೋದೇ ಅಲ್ಲೇನವ್ವ? ಹೂಂ ಅನ್ನು. ಆಮ್ಯಾಲ ನೋಡೋಣು."

'ಅವನೂ ಅಷ್ಟೇನಾ? ಅಷ್ಟು ಸಲ ಬಂದು ಈ ಮೂಲೆಯಲ್ಲೇ ಕುಂತು, ನನ್ನ ಕೈಯನ್ನೇ ನೋಡುತ್ತಿದ್ದವನು... ಕುರುಗೋಡಿನವರು ಮುಖಕ್ಕೆ ಹೇಳಿದರು. ಇವನು ನಗಿಸಿ ನಗಿಸಿ ಹೇಳಿಸಿದ!'

ಅಳು ಬಂತು. ಅತ್ತಳು ಕೂಡ. ಆಮೇಲೆ ಮುಖ ಒರೆಸಿಕೊಂಡು, ಕೈಯ ಕಪ್ಪನ್ನೂ ತೊಳೆಯದೆ ಚಪ್ಪಲಿ ಮೆಟ್ಟಿದಳು.

"ಎಲ್ಲಿಗವ್ವ?" ಅಬ್ಬಾ ಕೇಳಿದರು.

"ಸಿರುಗುಪ್ಪಕ್ಕ. ಬ್ಯಾಡ ಅನ್ನೋದನ್ನ ನಾನೇ ಹೇಳಿಬರ್ತೀನಿ. ಖಾಲಾನ ಕೈಲಿ ಹೇಳ್ಸಂಗಿಲ್ಲ."

"ಹೆಣ್ಣು ಹುಡುಗಿ ತಾನೇ ಹೋಗಿ..." ಖಾಲಾ ಬಾಯಿಗೆ ಸೆರಗು ಹಿಡಿದರು.

ಇಮಾಮಸಾಬರು ಮಗಳ ಮುಖ ನೋಡಿ ಬಾಗಿಲಿನಿಂದ ಸರಿದು ನಿಂತರು. "ಹೋಗಿ ಬಾ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಕಿಟಕಿಯಾಚೆ ಹಸಿರು ಗದ್ದೆಗಳು ಹಿಂದೆ ಸರಿಯುತ್ತಿದ್ದವು, ಆಕೆಗೆ ಒಂದೂ ಕಾಣಲಿಲ್ಲ.

ಬಾಗಿಲು ತೆರೆದೇ ಇತ್ತು. ರೇಡಿಯೋ ಹಾಡುತ್ತಿತ್ತು. ಹಿಂದಿನ ಖೋಲಿಯಿಂದ ಇಲಿಯಾಸ್ ಸುಣ್ಣ ಮೆತ್ತಿದ ಕೈಯಲ್ಲೇ ಹೊರಬಂದ. ಆಕೆಯನ್ನು ಕಂಡು ಮುಖ ಅರಳಿತು.

"ನಗಬ್ಯಾಡ್ರಿ!" ತಲೆ ಎತ್ತಿಯೇ ನಿಂತಳು. "ನಾನು ಈ ಕೆಲಸ ಬಿಡಂಗಿಲ್ಲ. ಬಿಡು ಅನ್ನೋ ಮನ್ಯಾಗ ನಾನು ಕಾಲಿಡಂಗಿಲ್ಲ. ನೀವು ಎಷ್ಟು ಒಳ್ಳೇವ್ರಾದ್ರೂ ಅಷ್ಟೇ... ನನಗ ನೀವು ಎಷ್ಟು ಬೇಕಾಗಿದ್ರೂ ಅಷ್ಟೇ!"

ಹೇಳಿ ಮುಗಿದ ಮೇಲೆ ಕೊನೆಯ ಮಾತು ತನಗೇ ಕೇಳಿಸಿತು. ಕೆನ್ನೆ ಕೆಂಡವಾಯಿತು.

ಇಲಿಯಾಸ್ ಬೆಪ್ಪಾಗಿ ನಿಂತಿದ್ದ. "ಬಿಡು ಅಂತ ಯಾರಂದ್ರು?"

"ನೀವೇ! ಆಯೇಶಾ ಖಾಲಾಗ ಫೋನಿನಾಗ!"

"ನಾನು ಅಂದಿದ್ದು..." ಅವನು ನೆನಪು ಮಾಡಿಕೊಂಡು ನಿಧಾನವಾಗಿ ಹೇಳಿದ. "'ನಿಕಾ ಆದ ಮ್ಯಾಲ ಹುಡುಗಿ ಕೆಲಸಕ್ಕ ಹಿಂದಿನ ಖೋಲಿ ಬಿಟ್ಟೀವಿ' ಅಂತ. ಗಿರಣಿ ಸದ್ದಿನಾಗ ನಿಂತು ಹೇಳಿದೆ..."

ಕೆಲಸಕ್ಕೆ ಬಿಟ್ಟೀವಿ! ಖಾಲಾ ಕೇಳಿಸಿಕೊಂಡದ್ದು 'ಕೆಲಸ', 'ಬಿಡು' ಎರಡೇ. ಉಳಿದದ್ದನ್ನು ಎಲ್ಲ ಗಂಡಿನವರೂ ಹೇಳುವ ಮಾತಿನಿಂದ ತಾವೇ ತುಂಬಿದ್ದರು. ಖೈರುನಬಿ ಆ ಕಚ್ಚನ್ನು ತುಂಬಿದ ಹಾಗೆ.

"ಬಾಯಿಲೆ ಹೇಳಬ್ಯಾಡಪ್ಪ, ತೋರ್ಸು ಹೋಗು!" ಮಂಚದ ಮೇಲಿಂದ ಹುಸೇನಬಿ ಗದರಿದರು.

ಖೋಲಿಯಲ್ಲಿ ಹಸಿ ಸುಣ್ಣದ ವಾಸನೆ. ಕಿಟಕಿ ಹತ್ತಿರ ಉದ್ದನೆಯ ಮೇಜು. ರೆಸಿನ್ ವಾಸನೆ ಹೋಗಲು ಗೋಡೆಯಲ್ಲಿ ಫ್ಯಾನ್. ಮಾಳಿಗೆಗೆ ಹೋಗಲು ಹಿಂದೆಯೇ ಏಣಿ. ಮೇಜಿನ ಖಾನೆ ಎಳೆಯಲು ಕೈಹಾಕಿದವಳ ಬೆರಳಿಗೆ ನುಣ್ಣನೆಯ ಹಿಡಿ ಸಿಕ್ಕಿತು. ನೋಡುವ ಮೊದಲೇ ಬೆರಳು ಗುರುತಿಸಿತು: ತನ್ನದೇ ನಾಬ್!

"ಇದು... ಆ ದಿನ ಜೇಬಿನಾಗ ಹಾಕ್ಕೊಂಡು ಹೋಗಿದ್ರಲ್ಲ?"

"ಹೂಂ."

"ಡೂಪ್ಲಿಕೇಟ್ ಅಂದಿದ್ರಿ."

"ಅಂದಿದ್ದೆ. ದಾರಿಯಾಗ ಬಿಸಾಕಬೇಕಂತ ಕೈ ಎತ್ತಿದೆ, ಆಗಲಿಲ್ಲ. ಇಂಥದ್ದು ಇನ್ನೊಂದು ಎಲ್ಲಿ ಸಿಗತೈತಿ?"

"ಅಚ್ಚು ನನ್ನ ಹತ್ರ ಐತಿ. ಬೇಕಂದ್ರ ನೂರು ಮಾಡ್ತೀನಿ."

"ಮಾಡು. ಇಲ್ಲೇ ಕುಂತು ಮಾಡು, ಖೈರು."

ಮೊದಲ ಸಲ ಏಕವಚನ! ಕಿಟಕಿಯ ಕಡೆ ಮುಖ ತಿರುಗಿಸಿದರೂ ಗತ್ತು ಬಿಡಲಿಲ್ಲ ಆಕೆ.

"ಕೈ ಕಪ್ಪಾಗೇ ಇರ್ತಾವ."

"ಇರಲಿ."

"ಅಬ್ಬಾನ್ನ ನೋಡಾಕ ಮನಸ್ಸು ಬಂದಾಗ ಬಳ್ಳಾರಿಗೆ ಹೋಗ್ತೀನಿ."

"ಬಸ್ ಹತ್ಸಾಕ ನಾನೇ ಬರ್ತೀನಿ."

"ಸುತ್ತಿಗಿಲೆ ನಾಬ್ ಒಡಿಯೋದು ಬಿಡ್ರಿ ಮೊದ್ಲು."

"ಅದು ಬಿಡ್ತೀನಿ." ಇಲಿಯಾಸ್ ಹತ್ತಿರ ಬಂದ. "ಇನ್ನೊಂದು ಮಾತ್ರ ಬಿಡಂಗಿಲ್ಲ."

"ಏನದು?"

"ನಿನ್ನ."

ಖೈರುನಬಿ ಕಣ್ಣೊರೆಸಿಕೊಂಡಳು. ಕೆನ್ನೆಗೆ ಕಪ್ಪು ಮೆತ್ತಿತು. ಅದನ್ನು ಒರೆಸಲು ಅವನು ಸುಣ್ಣದ ಕೈ ಎತ್ತಿದ. ಆಕೆ ತಡೆಯಲಿಲ್ಲ.