ಟ್ಯಾಕ್ಸಿ ಇಲ್ಲದ ಫೋಟೋ

"ಇದು ಫೋಟೋನಾ, ಶ್ರದ್ಧಾಂಜಲಿನಾ?"

ಮೊದಲ ಭೇಟಿಯಲ್ಲೇ ಕಾರ್ಯದರ್ಶಿ ಅವಳಿಗೆ ಆಡಿದ ಮಾತು ಇದು! ಅವಳಿಗೆ ಮೈಯೆಲ್ಲ ಉರಿಯಿತು.

ಅಂಧರ ಸಂಸ್ಥೆಯ ವೆಬ್‌ಸೈಟಿಗೆ ಫೋಟೋ ಆರಿಸುವ ಕೆಲಸ ಅವಳದು. ಒಪ್ಪಿಗೆ ಕೊಡಬೇಕಾದವನು ಹುಟ್ಟಿನಿಂದ ಕಣ್ಣು ಕಾಣದ ಈ ಕಾರ್ಯದರ್ಶಿ. ಅವಳು ಒಂದೊಂದನ್ನೇ ಬಾಯಲ್ಲಿ ವರ್ಣಿಸಬೇಕು, ಅವನು ಹೂಂ ಅನ್ನಬೇಕು. ಹೂಂ ಅನ್ನುವ ಜಾಯಮಾನವೇ ಅವನದಲ್ಲ.

'ಕಾಣದವನಿಗೆ ಫೋಟೋ ಬಗ್ಗೆ ಇಷ್ಟೊಂದು ಜಂಬ!' ಎಂದು ಅವಳು ಮೂಗು ಮುರಿದಳು.

"ಮುಂದಿನದು... ಒಬ್ಬ ಅಜ್ಜ. ಮುಖ ಮೇಲೆತ್ತಿ ನಗ್ತಿದ್ದಾರೆ."

"ಇದು ಹದಿನಾಲ್ಕನೇ ಅಜ್ಜ. ನಾವೆಲ್ಲ ಸದಾ ಮುಖ ಮೇಲೆತ್ತಿ ನಗ್ತಾ ಕೂತಿರ್ತೀವಾ? ಮೇಲೆ ಏನಿದೆಯಂತೆ, ಜೇಡರ ಬಲೆಯಾ?"

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದುಕೊಂಡಳು. ಇಂಥ ಸಿಡುಕನ ಮಾತಿಗೆ ನಗುವುದುಂಟೇ?

ಅವನು ಒಪ್ಪಿದ ಫೋಟೋಗಳೇ ಬೇರೆ. ಬ್ರೈಲ್ ಯಂತ್ರಕ್ಕೆ ಬೈಯುತ್ತಿದ್ದ ಹೆಂಗಸು, ಚದುರಂಗದಲ್ಲಿ ಸೋತು ಮುಖ ಊದಿಸಿಕೊಂಡ ಮಾಸ್ತರು. ಹದಿನೈದು ದಿನದಲ್ಲಿ ಅವಳು ಆಫೀಸಿಗೆ ಹತ್ತು ನಿಮಿಷ ಮೊದಲೇ ಬರತೊಡಗಿದಳು. 'ಥೂ, ಇವನ ಮೇಲೆ ಮನಸ್ಸಾ?' ಎಂದು ತನ್ನನ್ನೇ ಬೈದುಕೊಂಡಳು. ಮನಸ್ಸು ಕೇಳಬೇಕಲ್ಲ!

"ಇದರಲ್ಲಿ ನೀವೇ ಇದ್ದೀರಿ. ರಸ್ತೆ ಬದಿ ಕೈ ಚಾಚಿ ಟ್ಯಾಕ್ಸಿ ನಿಲ್ಲಿಸಿದ್ದೀರಿ. ಡ್ರೈವರ್‌ಗೆ ಬೈಯೋಕೆ ಬಾಯಿ ತೆರೆದಿದ್ದೀರಿ."

"ಹಾಗಾದ್ರೆ ಅದು ನಾನೇ. ಹಾಕಿ."

ಇನ್ನು ಅಧ್ಯಕ್ಷರು. ಕರುಣೆಯೇ ಮೈವೆತ್ತ ಮನುಷ್ಯ, ಎದುರಿಗೆ ಕ್ಯಾಮೆರಾ ಇದ್ದರೆ ಮಾತ್ರ. ಕಾರ್ಯದರ್ಶಿಯ ಟ್ಯಾಕ್ಸಿ ಫೋಟೋ ನೋಡಿದ್ದೇ ಅವರ ಬಾಯಲ್ಲಿ ನೀರೂರಿತು.

"ಟ್ಯಾಕ್ಸಿ ತೆಗೀರಿ. ನೋಡಿದವರ ಕರುಳು ಚುರ್ ಅನ್ನಬೇಕು, ದೇಣಿಗೆ ಬರಬೇಕು. ಆಗಲ್ಲ ಅಂದ್ರೆ ಹೇಳಿ, ನಿಮ್ಮ ಕೆಲಸಕ್ಕೆ ಬೇರೆಯವರು ಸಾಲುಗಟ್ಟಿ ನಿಂತಿದ್ದಾರೆ."

ಅವಳು ಹೆದರಿ ಟ್ಯಾಕ್ಸಿಯನ್ನು ಕತ್ತರಿಸಿ ಫೋಟೋವನ್ನು ವೆಬ್‌ಸೈಟಿಗೆ ಹಾಕಿದಳು. ಉಳಿದದ್ದು ಚಾಚಿದ ಕೈ, ತೆರೆದ ಬಾಯಿ, ಒಂದು ಕೋಲು. ಅವನಿಗೆ ಹೇಗೂ ಕಾಣುವುದಿಲ್ಲವಲ್ಲ... ಅಂಥ ಹೇಸಿಗೆಯ ಯೋಚನೆಯೂ ಅವಳಿಗೆ ಬಂದಿತ್ತು.

ಮರುದಿನ ಅವನು ಕೂಗಾಡಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು.

"ವೆಬ್‌ಸೈಟ್ ನೋಡಿ ನಮ್ಮ ಚಿಕ್ಕಮ್ಮ ಫೋನ್ ಮಾಡಿ ಅತ್ತರು. ಭಿಕ್ಷೆ ಬೇಡೋ ಗತಿ ಯಾವಾಗ ಬಂತೋ ಅಂದ್ರು. ಟ್ಯಾಕ್ಸಿ ಇದೆ ಅಂದ್ರಲ್ಲ ನೀವು? ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳಾ? ನಾನು ಹೂಂ ಅಂದಾಗೆಲ್ಲ ಒಳಗೊಳಗೇ ನಕ್ಕಿರಬೇಕು... ಹೋಗಿ ಇಲ್ಲಿಂದ."

ಅವಳ ಎದೆ ಒಡೆಯಿತು. ನೇರ ತನ್ನ ಮೇಜಿಗೆ ಹೋಗಿ, ಯಾರನ್ನೂ ಕೇಳದೆ, ಇಡೀ ಫೋಟೋವನ್ನು ವೆಬ್‌ಸೈಟಿಗೆ ಹಾಕಿದಳು. ಅಧ್ಯಕ್ಷರು ಕೆಂಡ ಕಾರುತ್ತಾ ಬಂದರು.

"ಕೈ ಚಾಚೋ ಫೋಟೋನೇ ಬೇಕಂದ್ರೆ ನಿಮ್ಮದನ್ನೇ ಹಾಕೋಣ ಸಾರ್," ಎಂದಳು. ಕೆಲಸ ಅಲ್ಲಿಗೆ ಮುಗಿಯಿತು!

ಬ್ಯಾಗ್ ಹೆಗಲಿಗೇರಿಸಿ ಮತ್ತೆ ಅವನ ಬಾಗಿಲಲ್ಲಿ ನಿಂತಳು.

"ಟ್ಯಾಕ್ಸಿ ಇತ್ತು. ಕತ್ತರಿಸಿದ್ದು ನಾನೇ. ಕೆಲಸ ಹೋಗುತ್ತೆ ಅನ್ನೋ ಭಯ, ನಿಮಗೆ ಗೊತ್ತಾಗಲ್ಲ ಅನ್ನೋ ಧೈರ್ಯ... ಎರಡೂ ಇತ್ತು. ಈಗ ವಾಪಸ್ ಹಾಕಿದೀನಿ. ಕೆಲಸ ಹೋಯ್ತು. ನನ್ನನ್ನ ನಂಬಬೇಡಿ, ಚಿಕ್ಕಮ್ಮನ್ನೇ ಕೇಳಿ."

ಅವನು ನಿಜವಾಗಿಯೂ ಅಲ್ಲೇ ಫೋನ್ ಮಾಡಿದ!

"ಹೌದು ಕಣೋ, ಈಗ ಟ್ಯಾಕ್ಸಿ ಬಂದಿದೆ!" ಎಂದು ಆ ಕಡೆಯಿಂದ ಚಿಕ್ಕಮ್ಮ ಕಿರುಚಿದರು. "ಡ್ರೈವರ್ ಪಾಪ, ನಿನ್ನ ನೋಡಿ ಹೆದರಿದಾನೆ!"

ಅವನು ಫೋನ್ ಇಟ್ಟ. ಅವಳ ಕಡೆ ತಿರುಗಿದ.

"ಟ್ಯಾಕ್ಸಿ ವಿಷಯ ಚಿಕ್ಕಮ್ಮ ಹೇಳಿದ್ರು. ಒಂದು ಫೋಟೋಗೋಸ್ಕರ ನೀವು ಕೆಲಸ ಯಾಕೆ ಕಳ್ಕೊಂಡ್ರಿ ಅನ್ನೋದನ್ನ ಯಾರನ್ನ ಕೇಳಲಿ?"

"ನನ್ನನ್ನೇ." ಅವಳು ಬ್ಯಾಗ್ ಕೆಳಗಿಟ್ಟಳು. "ನಿಮ್ಮನ್ನ ಪ್ರೀತಿಸ್ತೀನಿ. ಅದಕ್ಕೆ."

ಅವನು ಕೈಯಿಂದ ತಡವಿ ಪಕ್ಕದ ಕುರ್ಚಿಯನ್ನು ಅವಳ ಕಡೆ ಎಳೆದ.

"ಕೂತ್ಕೊಂಡು ಪೂರ್ತಿ ಹೇಳಿ. ಈ ಸಲ ಏನನ್ನೂ ಕತ್ತರಿಸಬೇಡಿ."

"ಉದ್ದ ಆಗುತ್ತೆ..."

"ಹೂಂ," ಎಂದ ಅವನು.